ಮಂಜುಳಮ್ಮನ ನೋಟ್‌ಬುಕ್ಕಿನ ಒಂದು ಪದ

ಮಂಗಳವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟ್ ಸೆಕ್ರೆಟರಿ ಒಂದೇ ಒಂದು ಇಂಗ್ಲಿಷ್ ಪದಕ್ಕೆ ಎಡವಿದರು. ಎಡವಿಸಿದ್ದು ಗೇಟಿನ ಪಕ್ಕ ಇಸ್ತ್ರಿ ಗಾಡಿ ಇಟ್ಟುಕೊಂಡಿರುವ ಮಂಜುಳಮ್ಮ.

ಕುವೆಂಪುನಗರದ ಈ ಗೇಟಿನಲ್ಲಿ ಅವರಿಗೆ ಹನ್ನೊಂದು ವರ್ಷ. ಓದಿದ್ದು ಏಳನೇ ಕ್ಲಾಸು. ಸೀರೆ ಸುತ್ತುವ ಹಳೆಯ ಇಂಗ್ಲಿಷ್ ಪೇಪರಿನಿಂದ ದಿನಕ್ಕೊಂದು ಪದ ಹೆಕ್ಕಿ, ಬಟ್ಟೆ ಒಯ್ಯಲು ಬಂದವರನ್ನು ಅರ್ಥ ಕೇಳುತ್ತಾರೆ. (ಪತ್ರಿಕೆಯವನೆಂದು ನನಗೆ ಕಷ್ಟದ ಪದಗಳೇ ಮೀಸಲು.) ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ, ಸ್ವಂತ ಉದಾಹರಣೆ ಸಮೇತ. "ರಿಲಕ್ಟೆಂಟ್, ಅಂದ್ರೆ ಒಲ್ಲದ ಮನಸ್ಸು: ನಮ್ಮನೆಯವರು ಕೆಲಸಕ್ಕೆ ಹೊರಡೋದು."

"ಏನಮ್ಮ, ಐಎಎಸ್ ಪಾಸ್ ಮಾಡ್ಬೇಕಾ?" ಸೆಕ್ರೆಟರಿ ಛೇಡಿಸುತ್ತಿದ್ದರು.

"ನಾನು ಪಾಸಾಗ್ಬುಟ್ರೆ ನಿಮ್ ಪ್ಯಾಂಟ್‌ಗೆ ಇಸ್ತ್ರಿ ಹಾಕೋರ್ಯಾರು ಸಾರ್?"

ಮಂಗಳವಾರ ಅದೇ ಸೆಕ್ರೆಟರಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಕಾಗದ ತಂದರು. ಕಾರು ನಿಲ್ಲಿಸಲು ಜಾಗ ಬೇಕು, ಗಾಡಿ ಎತ್ತಬೇಕು. ಶರ್ಟು ಒಯ್ಯಲು ಬಂದ ನಾನೂ ಅಲ್ಲೇ ನಿಂತಿದ್ದೆ.

"ಸುಮ್ನೆ ಫಾರ್ಮಾಲಿಟಿ ಕಣಮ್ಮ, ಸೈನ್ ಹಾಕು."

ಮಂಜುಳಮ್ಮ ಇಸ್ತ್ರಿಪೆಟ್ಟಿಗೆ ಬದಿಗಿಟ್ಟರು. ಬೆರಳಿಟ್ಟು ಓದಿದರು. ಐದು ನಿಮಿಷ ಹಿಡಿಯಿತು. ಬೆರಳು ಒಂದು ಕಡೆ ನಿಂತಿತು.

"ವಾಲಂಟರಿಲಿ ಅಂತ ಹಾಕಿದ್ದೀರಿ. ನನ್ನಿಷ್ಟದಿಂದ ಜಾಗ ಬುಟ್ಟೋಯ್ತೀನಿ ಅಂತ ತಾನೆ? ನನ್ನಿಷ್ಟ ಯಾರ್ ಕೇಳುದ್ರು?"

"ಅಯ್ಯೋ, ಅದು ಎಲ್ಲಾ ಲೆಟರ್‌ನಲ್ಲೂ ಇರುತ್ತೆ."

"ಈ ಲೆಟರಲ್ಲಿ ಬ್ಯಾಡ. ಹೊಡೆದಾಕಿ. ಆಮೇಲೆ ನೋಡಣ."

ಸೆಕ್ರೆಟರಿ ಕಾಗದಕ್ಕೆ ಕೈಚಾಚಿದರು. ಮಂಜುಳಮ್ಮ ನನ್ನತ್ತ ತಿರುಗಿದರು. "ಕೆಳಗೆ ನಿಮ್ ಸೈನೂ ಅದೆ ಸಾರ್. ಈ ಪದಾನ ನಂಗೆ ಹೇಳ್ಕೊಟ್ಟಿದ್ದೇ ನೀವು."

ಇತ್ತು. ಸಾಕ್ಷಿಗಳ ಪಟ್ಟಿಯಲ್ಲಿ ನಾಲ್ಕನೆಯದು. ಭಾನುವಾರ ಲಿಫ್ಟಿನ ಬಳಿ, ಕಿವಿಯಲ್ಲಿ ಫೋನ್ ಇಟ್ಟುಕೊಂಡೇ ಹಾಕಿದ್ದು. ಇಪ್ಪತ್ತೆಂಟು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವಾಕ್ಯ ತಿದ್ದಿದವನು ಒಂದು ಸಾಲೂ ಓದಿರಲಿಲ್ಲ.

ಬರೀ ಪದಗಳ ಅರ್ಥ ಕಲಿತು ಏನು ಬಂತು, ಫ್ಲೂಯೆಂಟಾಗಿ ಮಾತಾಡಲು ಬರಬೇಕು ಅನ್ನುವವರು ನಮ್ಮಲ್ಲಿ ಬಹಳ. ನಾನು ಒಪ್ಪುವುದಿಲ್ಲ. ಮಂಜುಳಮ್ಮನಿಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಆಡಲು ಬಾರದು. ಒಂದು ಪದದ ಅರ್ಥ ಗೊತ್ತಿತ್ತು. ಗಾಡಿ ಇವತ್ತೂ ಗೇಟಿನಲ್ಲಿದೆ. ನಮ್ಮ ಫ್ಲೂಯೆನ್ಸಿ ಯಾರನ್ನು ಉಳಿಸಿತು?

ಆ ಕಾಗದದಲ್ಲಿ ನನ್ನ ಸಹಿಯ ಮೇಲೆ ಗೀಟು ಎಳೆದಿದ್ದೇನೆ. ಸೆಕ್ರೆಟರಿಗೆ ಸಿಟ್ಟು ಬಂದಿದೆ. ಬರಲಿ. ಈ ಭಾನುವಾರ ಗಾಡಿ ವಿಷಯಕ್ಕೇ ಅಪಾರ್ಟ್‌ಮೆಂಟ್ ಮೀಟಿಂಗ್ ಇದೆ. ಮಂಜುಳಮ್ಮ ನೋಟ್‌ಬುಕ್ ಹಿಡಿದು ಬರುತ್ತಾರಂತೆ.

ಸಹಿ ಹಾಕಿರುವ ಉಳಿದ ಹದಿನೇಳು ಮನೆಯವರೇ, ನೀವು ಓದಿದ್ದಿರಾ?