ದೊಡ್ಡ ತಲೆಯ ರಾಯ

ನಾಯಿಮರಿಯನ್ನು ತಲೆ ನೋಡಿ ಆರಿಸಿದ್ದು ನಾನೇ. ಬ್ರಹ್ಮಾವರದ ಮನೆಯೊಂದರಲ್ಲಿ ಐದು ಮರಿಗಳಿದ್ದವು. ನಾಲ್ಕಕ್ಕೆ ಸಾಮಾನ್ಯ ತಲೆ, ಒಂದಕ್ಕೆ ಮಾತ್ರ ಎಳನೀರ ಬೊಂಡದಂತೆ ಗುಂಡಗೆ ಉಬ್ಬಿದ ತಲೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳಿಗೆ ಬುದ್ಧಿ ಇರುವ ಜಾಗ ಗೊತ್ತಿಲ್ಲವೇ! ರಾಯ ಎಂದು ಹೆಸರಿಟ್ಟು ತೆಕ್ಕಟ್ಟೆಯ ಮನೆಗೆ ತಂದೆ.

ರಾಯ ಅಂಗಳದಲ್ಲಿ ಯಾವಾಗಲೂ ಎಡಕ್ಕೇ ಸುತ್ತುತ್ತಿದ್ದ. ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದ. ಏನೋ ಯೋಚಿಸುತ್ತಿದ್ದಾನೆ ಎಂದುಕೊಂಡೆ. ಒಂದು ಬೆಳಿಗ್ಗೆ ಕಾಲು ಸೆಟೆದು, ಬಾಯಲ್ಲಿ ನೊರೆ ಬಂದು ಬಿದ್ದ. ಪಕ್ಕದ ಮನೆಯ ಶೇಷಕ್ಕ ಬೇಲಿಯಾಚೆಯಿಂದ ಕೂಗಿದರು: "ಹ್ವಾಯ್ ಟೀಚರೇ, ಕೈಯಗೆ ಕಬ್ಣ ಹಿಡ್ಸಿ!"

ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು ಹಳೆಯ ಚಿಕಿತ್ಸೆ. ಅದೆಲ್ಲ ಸುಳ್ಳು ಎಂದು ವರ್ಷವರ್ಷವೂ ಮಕ್ಕಳಿಗೆ ಪಾಠ ಮಾಡಿದ ನಾನು, ಒಳಗೋಡಿ ಬೀಗದ ಕೈ ತಂದು ನಾಯಿಯ ಪಾದಕ್ಕೆ ಒತ್ತಿ ಹಿಡಿದು ಕುಳಿತೆ. ಎರಡು ನಿಮಿಷದಲ್ಲಿ ಫಿಟ್ಸ್ ತಾನಾಗಿಯೇ ನಿಂತಿತು. ಕೀರ್ತಿ ಮಾತ್ರ ಶೇಷಕ್ಕನಿಗೆ ಹೋಯಿತು.

ಕುಂದಾಪುರದ ಡಾಕ್ಟರು ಸ್ಕ್ಯಾನ್ ಮಾಡಿ, ಹುಟ್ಟುವಾಗಲೇ ಮಿದುಳು ಸರಿಯಾಗಿ ಬೆಳೆದಿಲ್ಲ, ಒಳಗೆ ನೀರು ತುಂಬಿದೆ ಎಂದರು. ನಾನು ಮೆಚ್ಚಿದ ಬುದ್ಧಿಯೆಲ್ಲ ನೀರು! ಗುಣವಾಗುವುದಿಲ್ಲ, ಬದುಕಿರುವಷ್ಟು ದಿನವೂ ಮಾತ್ರೆ ಬೇಕು. ಫಿಟ್ಸ್ ಬಂದಾಗ ಏನನ್ನೂ ಹಿಡಿಸದೆ, ತಲೆಗೆ ಪೆಟ್ಟಾಗದಂತೆ ನೋಡಿಕೊಂಡು, ಎಷ್ಟು ಹೊತ್ತು ಬಂತೆಂದು ಗಡಿಯಾರ ನೋಡಬೇಕು. ಬಂದು ಎಲ್ಲವನ್ನೂ ಶೇಷಕ್ಕನಿಗೆ ವರದಿ ಮಾಡಿದೆ.

"ಒಂದ್ ಇಂಜೆಕ್ಷನ್ ಕೊಡ್ಸಿ ಮುಗ್ಸಿ ಮರ್ರೆ. ಅದಕ್ಕೂ ಕಷ್ಟ, ನಿಮ್ಗೂ ಕಷ್ಟ," ಎಂದರು ಅವರು. ಬಂದುಹೋಗುವವರೆಲ್ಲರದೂ ಅದೇ ರಾಗ. ನನಗೆ ಸಿಟ್ಟು ನೆತ್ತಿಗೇರಿತು. ಹಟ್ಟಿಯಂಗಡಿಯ ದೇವಸ್ಥಾನಕ್ಕೆ ಹೋಗಿ ಆನೆಮೊಗದವನಿಗೆ ಗರಿಕೆ ಕೊಟ್ಟು ಬರುವ ನಮಗೆ, ನಾಯಿಯ ತಲೆ ತುಸು ದೊಡ್ಡದಾದರೆ ಮಾತ್ರ ತಡೆಯುವುದಿಲ್ಲ. ಕೂರು ಎಂದರೆ ರಾಯ ಕೂರುವುದಿಲ್ಲ, ಕಳ್ಳ ಬಂದರೂ ಬಾಲ ಆಡಿಸುತ್ತಾನೆ, ಒಪ್ಪಿದೆ. ಅಷ್ಟಕ್ಕೆಲ್ಲ ಇಂಜೆಕ್ಷನ್ ಎಂದರೆ ನಮ್ಮ ಬಂಧುಬಳಗದಲ್ಲಿ ಉಳಿಯುವವರು ಯಾರು? ಅವನು ನರಳುತ್ತಿದ್ದಾನೆಯೇ ಎಂದು ಡಾಕ್ಟರನ್ನೇ ಕೇಳಿದೆ. ಈಗ ಇಲ್ಲ ಎಂದರು. ಹಾಗಾದರೆ ರಾಯ ಇರುತ್ತಾನೆ, ಯಾರಿಗೆ ಏನನ್ನಿಸಿದರೂ ಸರಿ ಎಂದೆ.

ಮೊನ್ನೆ ಮದುವೆಗೆಂದು ಬೈಂದೂರಿಗೆ ಹೋಗಿ ಸಂಜೆ ಹಿಂದಿರುಗಿದರೆ, ನಮ್ಮ ಅಂಗಳದಲ್ಲಿ ಶೇಷಕ್ಕ ಕಾಲು ಚಾಚಿ ಕುಳಿತಿದ್ದಾರೆ. ತೊಡೆಯ ಮೇಲೆ ರಾಯನ ತಲೆ, ತಲೆಯಡಿಗೆ ಅವರದೇ ಸೆರಗು.

"ಮತ್ತೆ ಬಂದಿತ್ತ್. ಗಡಿಯಾರ ಕಂಡೆ, ಒಂದೂವರೆ ನಿಮಿಷ," ಎಂದರು.

ನನಗೆ ಕಣ್ಣು ತುಂಬಿತು. ಆದರೂ ಹಳೆಯ ಸಿಟ್ಟು ಬಿಡಬೇಕಲ್ಲ. "ಅಲ್ಲ ಶೇಷಕ್ಕ, ಆ ಇಂಜೆಕ್ಷನ್..." ಎಂದು ದನಿ ಏರಿಸಿದೆ.

ಅವರು ಕಣ್ಣು ಕೆಂಪಗೆ ಮಾಡಿದರು.

"ಮೆಲ್ಲ ಮಾತಾಡಿ ಟೀಚರೇ, ಅಂವ ಮನಿಕಂಡಿದ."