ರತ್ಸಿಂಬನ ಪೆಟ್ರೋಲ್ ಮುಳ್ಳು

ನಮ್ಮ ಅಂಟನಾನರಿವೊದ ಟ್ಯಾಕ್ಸಿಯವರಿಗೆ ಪೆಟ್ರೋಲ್ ಟ್ಯಾಂಕು ಇದ್ದೂ ಇಲ್ಲದ ವಸ್ತು. ಪಕ್ಕದಲ್ಲಿ ಕೂತವರ ಕಾಲ ಬಳಿ ಒಂದು ಪ್ಲಾಸ್ಟಿಕ್ ಕ್ಯಾನು, ಅದರಿಂದ ಇಂಜಿನ್ನಿಗೆ ಒಂದು ಸಣ್ಣ ಕೊಳವೆ, ಅಷ್ಟೇ. ಗಿರಾಕಿ ಹತ್ತಿದ ಮೇಲೆ ಅವರಿಂದಲೇ ಮುಂಗಡ ಪಡೆದು ಬಂಕಿಗೆ ಹೋಗುತ್ತಾರೆ. ಇಳಿಜಾರು ಬಂದರೆ ಕೀ ತಿರುಗಿಸಿ ಇಂಜಿನ್ ಆರಿಸುತ್ತಾರೆ. ಊರೆಲ್ಲ ಗುಡ್ಡವಾದ್ದರಿಂದ ಅರ್ಧ ದಾರಿ ಪುಕ್ಕಟೆ. ಹೀಗಿರುವಾಗ ಪೆಟ್ರೋಲ್ ತೋರಿಸುವ ಗೇಜು ಯಾರಿಗೆ ಬೇಕು? ನಮ್ಮ ಏರುಬೀದಿಯ ಡ್ರೈವರು ರತ್ಸಿಂಬನ ಕೆನೆಬಣ್ಣದ ಕತ್ರೆಲ್ ಕಾರಿನಲ್ಲಿ ಅದರ ಮುಳ್ಳು ಎಷ್ಟೋ ವರ್ಷಗಳಿಂದ ಎಡಮೂಲೆಯ ಸೊನ್ನೆಯಲ್ಲಿ ಬಿದ್ದುಕೊಂಡಿತ್ತು.

ಅವನನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ಸಮಯಪಾಲನೆ ಅವನಿಗೆ ಗೊತ್ತಿರಲಿಲ್ಲ. ಇಗರ್ಜಿಯ ಹಾಡುಗಾರರ ಸಾಲಿನಲ್ಲಿ ನಿಂತು ತನಗೆ ತೋಚಿದ ಶ್ರುತಿಯಲ್ಲಿ ಹಾಡುತ್ತಿದ್ದ. ಆದರೆ ಕಿವಿ ಮಾತ್ರ ಚುರುಕು. ಕಾರನ್ನು ಸೊಂಟದಿಂದ ಒಮ್ಮೆ ನೂಕಿ, ಒಳಗಿನ ಕ್ಯಾನಿನ ಕುಲುಕಾಟ ಕೇಳಿ, "ಮಾರ್ಕೆಟ್ಟಿಗೆ ಹೋಗ್ಬರೋಷ್ಟಿದೆ" ಎನ್ನುತ್ತಿದ್ದ. ಸಾಮಾನ್ಯವಾಗಿ ಹೋಗುವಷ್ಟು ಇರುತ್ತಿತ್ತು, ಬರುವಷ್ಟು ಇರುತ್ತಿರಲಿಲ್ಲ.

ಅವನ ಅಕ್ಕ ಸಹೂಲಿ ಕೆಳಗಿನ ಮಾರ್ಕೆಟ್ಟಿನಲ್ಲಿ ಅಕ್ಕಿಹಿಟ್ಟಿನ ಪಡ್ಡು ಸುಟ್ಟು ಮಾರುವವಳು. ವಿಧವೆ. ಅವಳ ಮಗಳು ಫಾರಾ ನಡೆಯಲು ಕಲಿಯುವಾಗಲೇ ರತ್ಸಿಂಬ, "ಇವಳನ್ನ ಮದುವೆಗೆ ನನ್ನ ಕಾರಲ್ಲೇ ಕರ್ಕೊಂಡು ಹೋಗೋದು" ಎಂದು ಊರಿಗೆಲ್ಲ ಹೇಳಿದ್ದ. ಈಗ ಮದುವೆ ನಿಶ್ಚಯವಾಯಿತು. ಗಂಡಿನ ಕಡೆಯವರ ಇಗರ್ಜಿ ಗದ್ದೆಬಯಲಿನ ಆಚೆ, ಇತಾವುಸಿಯಲ್ಲಿ.

"ಕರ್ಕೊಂಡು ಹೋಗೋನು ನೀನೇ, ಸರಿ. ಕಾರು ಮಾತ್ರ ಬೇರೆಯವರದು," ಎಂದಳು ಸಹೂಲಿ.

"ನನ್ನ ಕಾರಿಗೇನಾಗಿದೆ ಅಕ್ಕ?"

"ಹೋದ ಈಸ್ಟರಿಗೆ ನನ್ನನ್ನ ಗದ್ದೆ ಮಧ್ಯೆ ಕೂರಿಸಿ ಬಾಟ್ಲಿ ಹಿಡ್ಕೊಂಡು ಓಡಿದ್ಯಲ್ಲ, ಅದಾಗಿದೆ. ಮದುವೆ ಹೆಣ್ಣು ಕ್ಯಾನ್ ಪಕ್ಕ ಕಾಲಿಟ್ಕೊಂಡು ಕೂರ್ಬೇಕಾ? ಪಾದ್ರಿ ಹತ್ರ ನಿಂತಾಗ ಬಂಕಿನ ನಾತ ಬರ್ಬೇಕಾ?"

"ಟ್ಯಾಂಕಿಗೇ ಹಾಕ್ತೀನಿ. ಗೇಜೂ ರಿಪೇರಿ ಮಾಡ್ತೀನಿ. ಎಷ್ಟಿದೆ ಅಂತ ನೀನೇ ನೋಡ್ಕೊಂಡು ಬಾ."

"ಮಾಡು. ದಾರೀಲಿ ಒಂದೇ ಒಂದ್ಸಲ ನಿಂತ್ರೂ ಹುಡುಗೀನ ಇಳಿಸಿ ಹೆರಿ ಗಾಡಿಗೆ ಹತ್ತಿಸ್ತೀನಿ. ಆಮೇಲೆ ಮುಖ ಊದಿಸ್ಕೋಬೇಡ."

ಹೆರಿ ಎಂದರೆ ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರು, ರತ್ಸಿಂಬನ ಗೆಳೆಯ. ಸಹೂಲಿ ಹೇಳಿದ್ದನ್ನು ಮಾಡುವವಳು ಎಂಬುದು ಇಬ್ಬರಿಗೂ ಗೊತ್ತಿತ್ತು.

ಟ್ಯಾಂಕು ಕೆಳಗಿಳಿಯಿತು. ಒಳಗೆ ಪೆಟ್ರೋಲಿಗಿಂತ ತುಕ್ಕೇ ಹೆಚ್ಚು. ತುಕ್ಕು ಉದುರಲೆಂದು ಒಳಗೆ ಜಲ್ಲಿ ಹಾಕಿ, ರತ್ಸಿಂಬ ಒಂದು ಕಡೆ, ಹೆರಿ ಇನ್ನೊಂದು ಕಡೆ ಹಿಡಿದು ಕುಲುಕಿದರು. ಆ ಸದ್ದಿಗೆ ಇಡೀ ಓಣಿ ಮಧ್ಯಾಹ್ನದ ನಿದ್ದೆ ಬಿಟ್ಟಿತು. ಟ್ಯಾಂಕಿನೊಳಗೆ ಒಂದು ಸರಳಿನ ತುದಿಯಲ್ಲಿ ಹಿತ್ತಾಳೆಯ ಪುಟ್ಟ ಬುರುಡೆ ಇರುತ್ತದೆ. ಅದು ಪೆಟ್ರೋಲಿನ ಮೇಲೆ ತೇಲುತ್ತ ಏರಿಳಿದಂತೆ ಮುಳ್ಳೂ ಏರಿಳಿಯಬೇಕು. ರತ್ಸಿಂಬ ಬುರುಡೆಯನ್ನು ಕಿವಿಯ ಬಳಿ ಅಲ್ಲಾಡಿಸಿದ. ಒಳಗೆ ಪೆಟ್ರೋಲ್ ಸೇರಿತ್ತು. ತೇಲಬೇಕಾದದ್ದು ತಳದಲ್ಲಿ ಕೂತಿತ್ತು. ತೂತು ಎಲ್ಲಿದೆಯೆಂದು ತಿಳಿಯಲು ಅದನ್ನು ಬಿಸಿನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುವುದನ್ನು ಕಾಯಬೇಕು. ಬಿಸಿನೀರು ಸಿಕ್ಕಿದ್ದು ಹೆಂಡತಿ ಲಲಾವು ಊಟದ ಕೊನೆಗೆ ಕುಡಿಯಲೆಂದು, ತಳದಲ್ಲಿ ಸೀದ ಅನ್ನಕ್ಕೇ ನೀರು ಸುರಿದು ಕಾಯಿಸಿಟ್ಟ ಪಾತ್ರೆಯಲ್ಲಿ.

"ಅದರಲ್ಲಿ ಏನು ಬೇಯಿಸ್ತಿದೀಯ?"

"ಬುರುಡೆ."

"ನಿಂದೇ ಆಗಿದ್ರೆ ಇನ್ನಷ್ಟು ಬೇಯ್ಲಿ," ಎಂದಳು ಲಲಾವು. "ಈ ಕಡೆ ನನ್ನ ಇದ್ದಿಲ ಒಲೆ, ಆ ಕಡೆ ನಿನ್ನ ಪೆಟ್ರೋಲ್ ಟ್ಯಾಂಕು. ಯಾವುದು ಮನೇಲಿರ್ಬೇಕು ಅಂತ ಕತ್ತಲಾಗೋದ್ರೊಳಗೆ ಹೇಳು."

ಟ್ಯಾಂಕು ಬೀದಿಗೆ ಹೋಯಿತು. ಬುರುಡೆಯನ್ನು ಬಸಿದು, ವಾಸನೆ ಹೋಗುವ ತನಕ ಬಿಸಿಲಲ್ಲಿಟ್ಟು, ಸೂಜಿಮೊನೆಯಷ್ಟಿದ್ದ ತೂತಿಗೆ ಬೆಸುಗೆ ಹಾಕಿದ. ಎಲ್ಲವನ್ನೂ ಜೋಡಿಸಿದರೂ ಮುಳ್ಳು ಏಳಲಿಲ್ಲ. ಕಾರಿನ ಮೈಗೆ ಸೇರುವ ವೈರಿನ ಕೆಳಗೆ ತುಕ್ಕಿತ್ತು. ಅದನ್ನು ಕೆರೆದ ಕೂಡಲೇ ಮುಳ್ಳು ಬೆಚ್ಚಿಬಿದ್ದಂತೆ ಎದ್ದಿತು.

ಅರ್ಧ ಟ್ಯಾಂಕು ಪೆಟ್ರೋಲ್ ಹಾಕಿಸಿದ. ಸ್ಟ್ಯಾಂಡಿನವರು ಅದನ್ನು ನೋಡಲೆಂದೇ ಬಂದರು. ಕಾರು ಎಂದಿನಂತೆ ನಮ್ಮ ಏರಿನಲ್ಲಿ, ಮೂತಿ ಮೇಲಕ್ಕೆ ಮಾಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟುಕೊಂಡು ನಿಂತಿತ್ತು. ಮುಳ್ಳು ಟ್ಯಾಂಕು ತುಂಬಿದೆ ಎಂದಿತು. "ಜಂಬ ಜಾಸ್ತಿ ಇದಕ್ಕೆ," ಎಂದ ರತ್ಸಿಂಬ, ಡಿಕ್ಕಿಯ ತಳದಲ್ಲಿ ಕೊರೆದಿದ್ದ ಕಿಂಡಿಯಿಂದ ಬುರುಡೆಯನ್ನು ಹೊರಗೆಳೆದು ಅದರ ಸರಳನ್ನು ಕೊಂಚ ಬಗ್ಗಿಸಿದ. ಮತ್ತೆ ನೋಡಿದ, ಮತ್ತೆ ಬಗ್ಗಿಸಿದ. ಮುಳ್ಳು ಸರಿಯಾಗಿ ನಡುಮಧ್ಯಕ್ಕೆ ಬಂದು ನಿಂತಿತು.

ಅಂದಿನಿಂದ ಅವನು ಸಹಿಸಲಾಗದ ಮನುಷ್ಯನಾದ. ಪೆಟ್ರೋಲ್ ಉಳಿಯಲೆಂದು ಮದುವೆಯ ತನಕ ಕಾರನ್ನು ಏರಿನಿಂದ ಕದಲಿಸಲಿಲ್ಲ, ಮುಳ್ಳನ್ನು ನೋಡಲೆಂದೇ ಹೋಗಿ ಕೀ ತಿರುಗಿಸುತ್ತಿದ್ದ. ಯಾರಾದರೂ ಕಾರು ಕುಲುಕಿ ಕೇಳಿದರೆ, "ಕಿವೀನ ಯಾಕೆ ನಂಬ್ತೀರೋ, ಕರೆಂಟು ಬಂದಿದೆ," ಎನ್ನುತ್ತಿದ್ದ.

ಮದುವೆಯ ದಿನ ಸಹೂಲಿ ಅವನ ಪಕ್ಕದಲ್ಲಿ ಕೂತಳು. ಹಿಂದೆ ಬಿಳಿ ಉಡುಪಿನ ಫಾರಾ. ಕ್ಯಾನು ಮನೆಯಲ್ಲೇ ಉಳಿಯಿತು. ನಾವು ಕೆಲವರು ಹೆರಿಯ ಕಾರಿನಲ್ಲಿ ಹಿಂದೆ ಹೊರಟೆವು, ನಮ್ಮ ಹಿಂದೆ ಗಂಡಿನ ಗೆಳೆಯರ ವ್ಯಾನು. ಅಭ್ಯಾಸಬಲದಿಂದ ರತ್ಸಿಂಬ ಇಂಜಿನ್ ಆರಿಸಿಯೇ ಗುಡ್ಡ ಇಳಿದ. ಗದ್ದೆಬಯಲಿನ ಸಪಾಟು ರಸ್ತೆಗೆ ಬಂದಾಗ ಕೀ ತಿರುಗಿಸಿದ. ಇಂಜಿನ್ ಶುರುವಾಯಿತು. ಮುಳ್ಳು ಮಾತ್ರ ಸೊನ್ನೆಯಿಂದ ಏಳಲಿಲ್ಲ.

ಹಿಂದಿನ ರತ್ಸಿಂಬನಾಗಿದ್ದರೆ ಹಾಡಿಕೊಂಡು ಹೋಗುತ್ತಿದ್ದ. ಈ ರತ್ಸಿಂಬ ಬಿಳಿಚಿಕೊಂಡು, ಇದ್ದಬದ್ದ ಹನಿ ಉಳಿಯಲೆಂದು ಇಂಜಿನ್ ಆರಿಸಿ, ಕಾರನ್ನು ಬದುವಿನ ಅಂಚಿಗೆ ನಿಲ್ಲಿಸಿದ. ಮುಂದಿನ ಒಂದು ಚಕ್ರ ಕೆಸರಿಗೆ ಇಳಿಯಿತು.

"ನಿಂತ್ಯಾ?" ಎಂದಳು ಸಹೂಲಿ.

"ಅರ್ಧ ಟ್ಯಾಂಕ್ ಇತ್ತು ಅಕ್ಕ. ಯಾರೋ ಕದ್ದಿದಾರೆ." ಅವನ ಕಣ್ಣು ಹತ್ತಿರ ಬಂದ ಹೆರಿಯ ಮೇಲೆ ನಿಂತಿತು.

"ನನ್ನ ಯಾಕೆ ನೋಡ್ತೀಯಣ್ಣ? ಕದ್ದ ಪೆಟ್ರೋಲಲ್ಲಿ ನಿನ್ನ ಹಿಂದೇನೇ ಬರ್ತೀನಾ? ಇಂಜಿನ್ ಚೆನ್ನಾಗೇ ಓಡ್ತಿತ್ತಲ್ಲ, ನಿಲ್ಲಿಸಿದ್ಯಾಕೆ?"

"ಮುಳ್ಳು ಖಾಲಿ ಅಂತಿದೆ."

"ಮಾತು ಮಾತೇ," ಎಂದಳು ಸಹೂಲಿ. "ಫಾರಾ, ಹೆರಿ ಗಾಡಿಗೆ ಹತ್ತು."

"ಈ ಕೆಸರಿಗಾ? ಬಿಳೀ ಬೂಟು ಹಾಕಿದೀನಮ್ಮ. ನಾನು ಇಳಿಯಲ್ಲ."

"ಹಾಗಾದ್ರೆ ಗಾಡೀನೇ ಮೇಲಕ್ಕೆ ಹಾಕಿಸ್ತೀನಿ, ಆಮೇಲೆ ಇಳಿ."

ಮುಳ್ಳು ಎದ್ದೀತೇನೋ ಎಂದು ರತ್ಸಿಂಬ ಇಂಜಿನ್ ಶುರು ಮಾಡದೆ ಕೀ ಮಾತ್ರ ತಿರುಗಿಸಿ ನೋಡಿದ, ಏಳಲಿಲ್ಲ. ವ್ಯಾನಿನ ಹುಡುಗರು ಕೋಟು ಬಿಚ್ಚಿ ಕಾರಿನ ಮೂತಿ ಹಿಡಿದು ಎತ್ತಿದರು. ಕೀ ತಿರುಗಿಸಿದಂತೆಯೇ ಇತ್ತು.

"ತಾಳಿ," ಎಂದಳು ಸಹೂಲಿ ಒಳಗಿನಿಂದ. "ಮುಳ್ಳು ಏಳ್ತಿದೆ."

ಹುಡುಗರು ಬೆಚ್ಚಿ ಕೆಳಗಿಳಿಸಿದರು.

"ಬಿತ್ತು. ಮತ್ತೆ ಎತ್ತಿ." ಎತ್ತಿದರು. "ಈಗ ಅರ್ಧ ಟ್ಯಾಂಕ್. ಇಳಿಸಿ. ಈಗ ಖಾಲಿ. ಏನೋ ರತ್ಸಿಂಬ ಇದು, ಎತ್ತಿಕೊಂಡ್ರೆ ಮಾತ್ರ ನಗೋ ಕೂಸು?"

ಹೆರಿ ಕಿಟಕಿಗೆ ಮುಖ ತಂದ. "ಅಣ್ಣ, ಇದನ್ನ ಎಲ್ಲಿ ನಿಲ್ಲಿಸಿ ಹೊಂದಿಸಿದೆ?"

"ನಮ್ಮ ಏರಲ್ಲೇ. ಇನ್ನೆಲ್ಲಿ?"

"ಮೂತಿ ಮೇಲಕ್ಕೆ?"

"ಮೂತಿ ಮೇಲಕ್ಕೆ."

"ಬುರುಡೆ ಇರೋದು ಟ್ಯಾಂಕಿನ ಹಿಂದಿನ ತುದೀಲಿ. ಏರಲ್ಲಿ ಪೆಟ್ರೋಲೆಲ್ಲ ಹಿಂದಕ್ಕೆ ಹೋಗಿರತ್ತೆ. ಅದನ್ನೇ ಅರ್ಧ ಅಂತ ಕೂರಿಸಿದೀಯ. ಸಪಾಟು ನೆಲ ನಿನ್ನ ಮುಳ್ಳಿಗೆ ಗೊತ್ತೇ ಇಲ್ಲ."

ರತ್ಸಿಂಬ ಕೆಳಗಿಳಿದ. ಎಲ್ಲರೂ ನೋಡುತ್ತಿದ್ದಂತೆ ಕಾರಿಗೆ ಸೊಂಟ ಕೊಟ್ಟು ನೂಕಿದ. ಒಳಗಿನ ಕುಲುಕಾಟ ನನಗೂ ಕೇಳಿಸಿತು.

"ಅಕ್ಕ, ಹೋಗೋಕೂ ಇದೆ, ಬರೋಕೂ ಇದೆ," ಎಂದ.

"ನಿಂತದ್ದು ನಿಂತದ್ದೇ."

"ನಿಂತಿದ್ದು ಕಾರಲ್ಲಮ್ಮ, ನಿಂತಿದ್ದು ಮಾವ," ಎಂದಳು ಫಾರಾ ಹಿಂದಿನಿಂದ. "ಕಾರು ಓಡ್ತಾ ಇತ್ತು. ನೀನು ಕಾರಿನ ಬಗ್ಗೆ ತಾನೇ ಹೇಳಿದ್ದು?"

ಸಹೂಲಿ ಮಗಳ ಬೂಟುಗಳನ್ನು ನೋಡಿದಳು, ಹಿಂದೆ ಬಾಗಿಲು ತೆರೆದು ನಿಂತಿದ್ದ ಹೆರಿಯ ಕಾರಿನ ಮುಂದಿನ ಸೀಟಿನ ಬಳಿಯಿದ್ದ ಕ್ಯಾನನ್ನು ನೋಡಿದಳು. ಕೊನೆಗೆ ತನ್ನ ಹೆಗಲ ಮೇಲಿನ ಬಿಳಿ ಹೊದಿಕೆಯನ್ನು ತೆಗೆದು ಗೇಜು ಕಾಣದಂತೆ ಅದರ ಮೇಲೆ ಹೊದಿಸಿದಳು.

"ಹೊರಡು," ಎಂದಳು. "ಇದನ್ನ ತೆಗೆದು ನೋಡಿದ್ರೆ ಕೈ ಮುರೀತೀನಿ."

ಹುಡುಗರು ಚಕ್ರವನ್ನು ರಸ್ತೆಗೆ ಎತ್ತಿಟ್ಟರು. ಇಗರ್ಜಿಯ ಬಾಗಿಲಿನವರೆಗೆ ಅವನು ಮುಳ್ಳನ್ನು ನೋಡಲಿಲ್ಲ. ದಾರಿಯುದ್ದಕ್ಕೂ ಹಾಡಿದನಂತೆ. ಶ್ರುತಿಯ ಬಗ್ಗೆ ನಾನು ವಿಚಾರಿಸಲಿಲ್ಲ.