ಹಂದಿಮಾಂಸದ ತಮಾಲೆ ಮಾಡುವ ಅಜ್ಜಿ

ನನ್ನ ತಂಗಿಗೆ ಮಗಳನ್ನು ಸ್ಪ್ಯಾನಿಷ್-ಇಂಗ್ಲಿಷ್ ಶಾಲೆಗೆ ಸೇರಿಸುವ ಹುಚ್ಚು ಹಿಡಿಯಿತು. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮಕ್ಕಳಿಗೆಂದು ಅಲ್ಲಿ ಒಂದಷ್ಟು ಸೀಟು ಮೀಸಲು. ಮಗುವನ್ನು ಮಾತಾಡಿಸಿ ಭಾಷೆ ಪರೀಕ್ಷಿಸುತ್ತಾರೆ. ಪರೀಕ್ಷೆ ಎಂದ ಕೂಡಲೇ ನಮ್ಮವರಿಗೆ ಹೊಳೆಯುವುದು ಟ್ಯೂಷನ್ನು. ಇಲ್ಲದ ಮನೆಮಾತನ್ನು ಐದು ವರ್ಷದ ಕೂಸಿಗೆ ತಿಂಗಳುಗಟ್ಟಲೆ ಉರು ಹೊಡೆಸಿದರು. ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

ಪರೀಕ್ಷೆಯ ದಿನ ಸನ್ನಿವೇಲ್‌ನ ಮನೆಯಿಂದ ಶಾಲೆಗೆ ಕಾರು ಓಡಿಸಿದವಳು ನಾನೇ. ಶುಭಕಾರ್ಯವೆಂದು ಅಮ್ಮನೂ ರೇಷ್ಮೆ ಸೀರೆಯುಟ್ಟು, ಮೊಮ್ಮಗಳಿಗೆ ಕುಂಕುಮವಿಟ್ಟು ಹೊರಟಳು. ಪರೀಕ್ಷೆಯ ಕೋಣೆಯಲ್ಲಿ ನಾವು ಮಗುವಿನ ಹಿಂದೆ ಕುಳಿತೆವು. ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆಂದು ಟೀಚರ್ ಸ್ಪ್ಯಾನಿಷ್‌ನಲ್ಲಿ ಕೇಳಿದರು. ಮಗು ಟ್ಯೂಷನ್ನಿನ ಪಾಠವನ್ನು ಗಿಳಿಯಂತೆ ಒಪ್ಪಿಸಿತು: ನಮ್ಮಜ್ಜಿ ಪ್ರತಿ ಭಾನುವಾರ ಹಂದಿಮಾಂಸದ ತಮಾಲೆ, ಅಂದರೆ ಮಾಂಸ ತುಂಬಿದ ಮೆಕ್ಕೆಜೋಳದ ಕಡುಬು, ಮಾಡುತ್ತಾಳೆ. ಟೀಚರ್ ತಿರುಗಿ ಅಮ್ಮನನ್ನೇ ಸ್ಪ್ಯಾನಿಷ್‌ನಲ್ಲಿ ಏನೋ ಕೇಳಿದರು. ಈರುಳ್ಳಿಯನ್ನೂ ಮುಟ್ಟದ ಅಮ್ಮ ಒಂದಕ್ಷರ ಅರ್ಥವಾಗದೆ, ನಗುತ್ತಾ ತಲೆಯಾಡಿಸಿದಳು.

ಸೀಟು ಸಿಗಲಿಲ್ಲ. ತಂಗಿ ಅಮ್ಮನ ಮೇಲೆ ಹರಿಹಾಯ್ದಳು. "ನೀನು ಬರೀ ಕನ್ನಡ ಮಾತಾಡಿ ಅವಳನ್ನ ಕನ್ಫ್ಯೂಸ್ ಮಾಡ್ದೆ. ಇನ್ಮೇಲೆ ಮನೇಲಿ ಇಂಗ್ಲಿಷ್ ಒಂದೇ ಸಾಕಮ್ಮ. ಮಕ್ಕಳಿಗೆ ಎರಡು ಭಾಷೆ ಬಂದ್ರೆ ಬ್ರೈನು ಶಾರ್ಪಾಗತ್ತೆ ಅಂತ ನಾನೆಷ್ಟು ಒದ್ದಾಡ್ತಿದೀನಿ ಗೊತ್ತಾ?"